ಬದಲಿಸದೆ ಉಳಿಸಿದ ಮಾತು

ಪುಟ್ಟಿಯ ಒಂದು ಜಡೆ ಹೆಣೆದು ಮುಗಿದಿತ್ತು. ಇನ್ನೊಂದು ಕಡೆಯ ಕೂದಲು ಮೂರು ಎಳೆಯಾಗಿ ತಾಯಿಯ ಬೆರಳುಗಳ ನಡುವೆ ಇರುವಾಗಲೇ ಬಾಗಿಲು ಬಡಿದ ಸದ್ದಾಯಿತು. ಅಂಗೈಯಿಂದ ಹಾಗೆ ದಬದಬನೆ ಬಡಿಯುವವಳು ತಾಯಿಯ ಅಕ್ಕ ಒಬ್ಬಳೇ. ಆದರೆ ಈ ಹೊತ್ತಿಗೆ ಅಕ್ಕ ಲಾಂಡ್ರಿಯಲ್ಲಿ ಇರಬೇಕಿತ್ತು.

“ಅಲ್ಲಾಡ್ಬೇಡ ಕಣೇ, ಎಳೆ ಬಿಟ್ಟುಹೋಗತ್ತೆ,” ಎಂದು ತಾಯಿ ಹೇಳುವಷ್ಟರಲ್ಲಿ ಪುಟ್ಟಿ ತಪ್ಪಿಸಿಕೊಂಡು ಓಡಿ ಬಾಗಿಲು ತೆಗೆದಿದ್ದಳು. “ದೊಡ್ಡಮ್ಮ!”

ಅಕ್ಕ ಕೆಲಸಕ್ಕಿದ್ದದ್ದು ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ. ಒಗೆದ ಬೆಡ್‌ಶೀಟುಗಳ ಅಂಚು ಹಿಡಿದು ಇಸ್ತ್ರಿ ಮಾಡುವ ಬಿಸಿ ರೋಲರಿನ ಬಾಯಿಗೆ ಕೊಡುವುದು ಅವಳ ಕೆಲಸ. ಆ ಕಡೆ ನಿಂತು ಅವನ್ನು ಮಡಿಸುವವಳು ಅವಳ ಜೀವದ ಗೆಳತಿ. ನಡುವೆ ಹಬೆ, ಹಬೆಯನ್ನೂ ತೂರಿಕೊಂಡು ಇಡೀ ದಿನ ಮಾತು. ಅಕ್ಕನ ಬಾಯಿಗೆ ಬಿಡುವಿಲ್ಲದ್ದರಿಂದ ಅಲ್ಲಿ ಎಲ್ಲರೂ ಅವಳನ್ನು ರೇಡಿಯೋ ಅಂತಲೇ ಕರೆಯುತ್ತಿದ್ದರು.

ಇವತ್ತು ಅಕ್ಕ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು.

“ತೆಗೆದುಬಿಟ್ರು ಕಣೇ.”

“ಏನನ್ನ?”

“ನನ್ನನ್ನ! ಗೇಟಲ್ಲೇ ನಿಲ್ಸಿ ಹೇಳಿದ್ರು. ರೋಲರ್ ಹತ್ರ ಜನ ಜಾಸ್ತಿ ಆದ್ರಂತೆ. ಜನ ಅಂದ್ರೆ ಯಾರು ಅಂತ ನೋಡಿದ್ರೆ ನಾನೊಬ್ಬಳೇ. ನಾನೇ ಒಂದು ಗುಂಪು ಅಂತ ಇಷ್ಟು ವರ್ಷ ನಂಗೇ ಗೊತ್ತಿರ್ಲಿಲ್ಲ ನೋಡು.” ನಗಲು ಹೋದಳು, ಆಗಲಿಲ್ಲ. “ಕಾರಣ ಅದಲ್ಲ. ಅಷ್ಟೊತ್ತಿಗೆ ಮ್ಯಾನೇಜರ್ ಪಕ್ಕದಲ್ಲೇ ಹಾದುಹೋದ. ‘ಇಲಿಬೋನಿಂದ ಆಚೆ ಹೋಗ್ತಿದೀರಲ್ಲ, ಖುಷಿಪಡಿ’ ಅಂದ. ಇಲಿಬೋನು ಅಂತ ನಾನಾಡಿದ ಮಾತು ಅವನ ಕಿವಿಗೆ ಹೆಂಗೆ ಬಿತ್ತು?”

ಹೇಗೆ ಬಿತ್ತೆಂದು ಪುಟ್ಟಿಯ ತಾಯಿಗೆ, ಅಕ್ಕನ ಈ ತಂಗಿಗೆ, ಗೊತ್ತಿತ್ತು.

ವಿಶ್ವವಿದ್ಯಾಲಯದಲ್ಲಿ ಅವಳು ಸಂಶೋಧನೆ ಮಾಡುತ್ತಿದ್ದಳು. ಕೆಲಸದ ಜಾಗದಲ್ಲಿ ತಪ್ಪು ಕಣ್ಣಿಗೆ ಬಿದ್ದರೂ ಜನ ಯಾಕೆ ಬಾಯಿ ಬಿಡುವುದಿಲ್ಲ ಎಂಬುದೇ ಅವಳ ವಿಷಯ. ಮ್ಯಾನೇಜರ್ ಒಪ್ಪಿಗೆ ಕೊಟ್ಟ ಮೇಲೆ ಅಕ್ಕನ ಲಾಂಡ್ರಿಗೇ ಹೋಗಿ ಕೂತಿದ್ದಳು. ಮೊದಮೊದಲು ಯಾರನ್ನು ಕೇಳಿದರೂ ಎಲ್ಲ ಚೆನ್ನಾಗಿದೆ ಅನ್ನುವ ಒಂದೇ ಉತ್ತರ. ಕೊನೆಗೆ ಅಕ್ಕನೇ ಎಲ್ಲರ ಎದುರು ಸೊಂಟಕ್ಕೆ ಕೈಕೊಟ್ಟು ನಿಂತು, “ಹೆದರ್ಬೇಡ್ರೇ, ನನ್ನ ತಂಗಿ ಡಾಕ್ಟರ್ ಆಗೋಳು. ಸೂಜಿ ಚುಚ್ಚೋ ಡಾಕ್ಟರಲ್ಲ, ಪ್ರಶ್ನೆ ಚುಚ್ಚೋ ಡಾಕ್ಟರು. ನೋವಾದ್ರೂ ರಕ್ತ ಬರಲ್ಲ,” ಎಂದು ನಗಿಸಿ, ರೆಕಾರ್ಡರಿನ ಮುಂದೆ ತಾನೇ ಮೊದಲು ಕೂತಿದ್ದಳು. ಅವಳ ಹಿಂದೆ ಮಡಿಸುವವಳು, ಅವಳ ಹಿಂದೆ ಉಳಿದವರು.

ಅವತ್ತು ಇಬ್ಬರೇ ಇದ್ದಾಗ ಅಕ್ಕ ತಂಗಿಗೆ ಹೇಳಿದ್ದು ಇದು: “ನನ್ನ ಕೋಣೆ ಬಾಗಿಲು ಯಾವಾಗ್ಲೂ ತೆಗೆದೇ ಇರತ್ತೆ, ಬಂದು ಏನು ಬೇಕಾದ್ರೂ ಹೇಳಿ ಅಂತಾನೆ ಮ್ಯಾನೇಜರ್. ಇಲಿಬೋನಿನ ಬಾಗಿಲೂ ತೆಗೆದೇ ಇರತ್ತೆ. ಸುಳ್ಳಾದ್ರೆ ನನ್ನ ಕಿವಿ ಹಿಂಡು.”

ವರದಿ ಬರೆಯುವಾಗ ಗುರುತು ಸಿಗಬಾರದೆಂದು ತಂಗಿ ಎಲ್ಲವನ್ನೂ ಬದಲಿಸಿದ್ದಳು. ಹೆಂಗಸನ್ನು ಗಂಡಸು ಮಾಡಿದಳು, ರೋಲರಿನವಳನ್ನು ವ್ಯಾನಿನ ಡ್ರೈವರ್ ಮಾಡಿದಳು, ವಯಸ್ಸು ಇಳಿಸಿದಳು. ಮಾತನ್ನು ಮಾತ್ರ ಮುಟ್ಟಲಿಲ್ಲ. ಜನ ಆಡಿದ ಮಾತನ್ನು ಕೂದಲೆಳೆಯಷ್ಟೂ ತಿದ್ದಬಾರದೆಂದು ಅವಳು ಕಲಿತ ವಿದ್ಯೆ ಹೇಳುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಮಾತಿನ ಮೇಲೆ ಅವಳಿಗೆ ಆಸೆ. ಸಾಣೆ ಹಿಡಿದಂತಿದ್ದ ಆ ಮಾತನ್ನು ಕೈಬಿಡಲು ಮನಸ್ಸು ಬರಲಿಲ್ಲ.

ಹೋದ ವಾರ ಅವಳ ಸಂಶೋಧನೆಗೆ ಮಾರ್ಗದರ್ಶಕರಾದ ಪ್ರೊಫೆಸರ್ ಲಾಂಡ್ರಿಯ ಆಡಳಿತದವರ ಮುಂದೆ ಆ ವರದಿಯನ್ನು ಓದಿದರು. ಪಕ್ಕದಲ್ಲಿ ನಿಂತು ಪರದೆಯ ಮೇಲಿನ ಪುಟ ಸರಿಸುತ್ತಿದ್ದವಳು ಅವಳೇ. ಇಲಿಬೋನು ಅಂದಾಗ ಎಲ್ಲರೂ ನಕ್ಕರು, ಮ್ಯಾನೇಜರ್ ಎಲ್ಲರಿಗಿಂತ ಜೋರಾಗಿ ನಕ್ಕ. ಕಿವಿ ಹಿಂಡು ಅಂದಾಗ ಅವನ ನಗು ನಿಂತಿತು. ರೋಲರಿನ ಹತ್ತಿರ ಹಾದುಹೋದಾಗಲೆಲ್ಲ ಅಕ್ಕನ ಬಾಯಿಂದ ಅವನ ಕಿವಿಗೆ ಬೀಳುತ್ತಿದ್ದ ಮಾತು ಅದು. ಅವನು ನೀರು ಕುಡಿದು ಲೋಟ ಕೆಳಗಿಟ್ಟ. ಅವಳು ಅದನ್ನು ಕಂಡಳು, ಕಂಡದ್ದು ಏನೂ ಅಲ್ಲವೆಂದು ಮನೆಯವರೆಗೂ ತನಗೆ ತಾನೇ ಹೇಳಿಕೊಂಡಳು.

“ಲೆಕ್ಕ ಸುಲಭ ಕಣೇ,” ಎಂದಳು ಅಕ್ಕ. “ಇಲಿಬೋನಿನ ಮಾತು ನಾನು ಆಡಿದ್ದು ಇಬ್ಬರ ಹತ್ರ. ಒಬ್ಬಳು ನೀನು, ಇನ್ನೊಬ್ಬಳು ಆ ಮಡಿಸೋಳು. ನೀನು ನನ್ನ ತಂಗಿ. ಇನ್ನು ಉಳಿದೋಳು ಯಾರು, ನೀನೇ ಹೇಳು.”

ಹೇಳಬೇಕಾದದ್ದು ಆಗಲೇ. ತಂಗಿ ಬಾಚಣಿಗೆಗೆ ಸಿಕ್ಕಿದ ಕೂದಲು ಬಿಡಿಸತೊಡಗಿದಳು.

ಪುಟ್ಟಿ ಬಾಗಿಲಿನ ಹತ್ತಿರವೇ ನಿಂತು ಅಮ್ಮನನ್ನು ನೋಡುತ್ತಿದ್ದಳು. ಅಡುಗೆಮನೆಯ ಮೇಜಿನ ಮೇಲೆ ರೆಕಾರ್ಡರಿಟ್ಟುಕೊಂಡು ಅಮ್ಮ ಆ ಮಾತುಗಳನ್ನು ಬರೆದುಕೊಳ್ಳುವಾಗ, ಅದೇ ಮೇಜಿನಲ್ಲಿ ಹೋಂವರ್ಕ್ ಮಾಡುತ್ತಿದ್ದವಳು ಅವಳು. ದೊಡ್ಡಮ್ಮನ ದನಿಯನ್ನು ಅಣಕಿಸಿ ತೋರಿಸಿ ಎಷ್ಟು ಸಲ ನಗಿಸಿದ್ದಳೋ. ಸಭೆಯಿಂದ ಬಂದ ಸಂಜೆ ಅಮ್ಮ ಫೋನಿನಲ್ಲಿ ಪ್ರೊಫೆಸರಿಗೆ “ಮ್ಯಾನೇಜರಿಗೆ ಗುರುತು ಸಿಕ್ಕಿರಬಹುದಾ ಸರ್?” ಎಂದು ಕೇಳಿದ್ದನ್ನೂ ಕೇಳಿಸಿಕೊಂಡಿದ್ದಳು. ಈಗ ಅವಳ ತುಟಿ ಅಲುಗಿತು.

“ನಡಿ ನಡಿ, ಸ್ಕೂಲಿಗೆ ಹೊತ್ತಾಯ್ತು,” ಎಂದು ತಾಯಿ ಒಂದೇ ಜಡೆಯಲ್ಲಿದ್ದ ಅವಳ ತೋಳು ಹಿಡಿದು ಹೊರಗೆ ನಡೆದಳು.

ದಾರಿಯಲ್ಲಿ ಪುಟ್ಟಿ “ಅಮ್ಮಾ…” ಎಂದಳು. “ಗಾಡಿ ನೋಡಿಕೊಂಡು ನಡಿ,” ಎಂದಳು ತಾಯಿ. ಶಾಲೆಯ ಗೇಟಿನ ಹತ್ತಿರ ಮತ್ತೆ “ಅಮ್ಮಾ…” ಎಂದಾಗ ಕಾಲರ್ ಸರಿಮಾಡಿ, ಬೆನ್ನು ತಟ್ಟಿ ಒಳಗೆ ಕಳಿಸಿದಳು. ಮಕ್ಕಳ ಬಾಯಿ ಮುಚ್ಚಿಸುವುದು ಇಷ್ಟು ಸುಲಭವಾಗಿರಬಾರದಿತ್ತು.

ಅಲ್ಲಿಂದ ನೇರ ಪ್ರೊಫೆಸರ್ ಕೋಣೆಗೆ ಹೋದಳು. ಅವರು ಕೆಟ್ಟವರಲ್ಲ. ಪೂರ್ತಿ ಕೇಳಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

“ನಾವು ಯಾರ ಹೆಸರನ್ನೂ ಹೇಳಿಲ್ಲಮ್ಮ.”

“ಹೇಳೋ ಅಗತ್ಯವೇ ಬೀಳಲಿಲ್ಲ ಸರ್. ನೀವೊಮ್ಮೆ ಮ್ಯಾನೇಜರ್ ಹತ್ರ ಮಾತಾಡಿ.”

“ಏನಂತ ಮಾತಾಡ್ಲಿ? ಅವಳನ್ನ ತೆಗೀಬೇಡಿ ಅಂದ್ರೆ, ಹೇಳಿದ್ದು ಅವಳೇ ಅಂತ ನಾವೇ ಒಪ್ಪಿಕೊಂಡ ಹಾಗೆ. ಆಮೇಲೆ ಉಳಿದ ಮಾತುಗಳು ಯಾರದ್ದು ಅಂತಲೂ ಹುಡುಕೋಕೆ ಶುರುಮಾಡ್ತಾನೆ. ಇನ್ನೂ ನಾಲ್ಕು ಜನ ಬೀದಿಗೆ ಬೀಳ್ತಾರೆ.”

ಅದು ನಿಜವಾಗಿತ್ತು. ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು.

“ಅಕ್ಕನಿಗೆ?”

“ಅಕ್ಕನಿಗೆ ಹೇಳೋಕೆ ನನ್ನ ಅಪ್ಪಣೆ ಬೇಕಾ?” ಎಂದರು ಅವರು ಮೆತ್ತಗೆ. ಅವಳು ಬಾಗಿಲು ದಾಟುವಾಗ ಸಂಕೋಚದಿಂದ ಹಿಂದೆಯೇ ದನಿ ಬಂತು: “ನಡೆದದ್ದನ್ನೆಲ್ಲ ಮರೆಯೋ ಮೊದಲು ಬರೆದಿಡಮ್ಮ. ನಮ್ಮ ವಿಷಯಕ್ಕೆ ಇದು ಬಹಳ ಮುಖ್ಯ.”

ಸಂಜೆ ಪುಟ್ಟಿಯನ್ನು ಕರೆದುಕೊಂಡು ಮನೆಗೆ ಬಂದಾಗ ಪಾತ್ರೆಗಳೆಲ್ಲ ಫಳಫಳ ಅನ್ನುತ್ತಿದ್ದವು. ಒಣಗಿದ ಬಟ್ಟೆಗಳನ್ನು ಅಕ್ಕ ಆಸ್ಪತ್ರೆಯ ಅಳತೆಗೆ ಮಡಿಸಿ ಅಟ್ಟಿ ಹಾಕಿದ್ದಳು. ಸುಮ್ಮನೆ ಕೂರಲು ಬರದ ಜೀವ. ಮೆಟ್ಟಿಲು ಹತ್ತುತ್ತಾ ತಂಗಿ ಒಂದು ವಾಕ್ಯ ಕಟ್ಟಿಕೊಂಡು ಬಂದಿದ್ದಳು. ಬಾಯಿ ತೆರೆದಳು. ಅಕ್ಕ ಚಹಾದ ಲೋಟವನ್ನು ಅವಳ ಕೈಗಿಟ್ಟು, “ಮುಖ ಯಾಕೆ ಹಿಂಗೆ ಸುಟ್ಟ ಬದನೆಕಾಯಿ ಆಗಿದೆ? ಕೆಲಸ ಹೋಗಿರೋದು ನಂದು,” ಎಂದಳು. “ನೀನು ಓದು ಮುಗ್ಸು. ಡಾಕ್ಟರ್ ಆದ್ಮೇಲೆ ಇವರ ಬಂಡವಾಳನೆಲ್ಲ ಬಯಲಿಗೆ ಎಳೆಯುವಿಯಂತೆ.” ಕಟ್ಟಿಕೊಂಡ ವಾಕ್ಯ ಚಹಾದ ಜೊತೆ ಒಳಗಿಳಿಯಿತು.

ಮತ್ತೆ ಬಾಗಿಲು ಸದ್ದಾಯಿತು, ಈ ಸಲ ಮೆಲ್ಲಗೆ. ಪಾಳಿ ಮುಗಿಸಿ ಮನೆಗೂ ಹೋಗದೆ ಬಂದ ಮಡಿಸುವವಳು. ಕೂದಲು ಹಬೆಗೆ ಹಣೆಗೆ ಅಂಟಿತ್ತು.

“ಬಾರಮ್ಮ ಬಾ,” ಎಂದಳು ಅಕ್ಕ ಹೊಸ್ತಿಲಲ್ಲೇ ಅಡ್ಡ ನಿಂತು. “ಮ್ಯಾನೇಜರ್ ಕಿವಿ ಊದಿ ಊದಿ ಬಾಯಿ ಒಣಗಿರ್ಬೇಕು. ನೀರು ಕೊಡ್ಲಾ?”

“ಏನು ಮಾತು ರೇಡಿಯೋ ಇದು? ನಾನ್ಯಾಕೆ ಊದ್ಲಿ?” ಅವಳ ದನಿ ಒಡೆಯಿತು. “ನಾಳೆ ನಾವೆಲ್ಲ ರೋಲರ್ ನಿಲ್ಸಿ ಅವನ ಕೋಣೆಗೆ ಹೋಗಿ ಕೇಳೋಣ ಅಂತ ಮಾತಾಡ್ಕೊಂಡಿದೀವಿ. ಒಬ್ಬರೂ ಹಿಂದೆ ಸರಿದಿಲ್ಲ. ನಿನ್ನನ್ನೊಂದು ಮಾತು ಕೇಳಿ ಹೋಗೋಣ ಅಂತ ಬಂದೆ.”

“ಮಾರಿದ್ದೂ ನೀನೇ, ಅಳೋಕೆ ಬಂದಿದ್ದೂ ನೀನೇ. ನೀನು ಮುಂದೆ ನಿಂತು ಕೊಡಿಸೋ ಕೆಲಸ ನಂಗೆ ಬೇಡ. ನನ್ನ ಹೆಸರು ಹಿಡ್ಕೊಂಡು ಯಾರೂ ಎಲ್ಲಿಗೂ ಹೋಗೋದು ಬೇಡ.”

ಮಡಿಸುವವಳು ಅಕ್ಕನ ಭುಜದ ಮೇಲಿಂದ ಒಳಗೆ ನೋಡಿದಳು. ಅವಳ ಕಣ್ಣು ತಂಗಿಯ ಮೇಲೆ ನಿಂತಿತು, ಸ್ವಲ್ಪ ಹೊತ್ತು ಕಾಯಿತು. ತಂಗಿ ನೆಲ ನೋಡಿದಳು.

“ಸರಿ ಹಾಗಾದ್ರೆ. ನೀನೇ ಬೇಡ ಅಂದ ಮೇಲೆ ನಾವು ಯಾರಿಗೋಸ್ಕರ ಹೋಗೋದು,” ಎಂದಳು ಅವಳು. ಮೆಟ್ಟಿಲಿಳಿಯುವ ಸದ್ದು ಬೀದಿಯ ಗದ್ದಲದಲ್ಲಿ ಕರಗಿತು.

ಅಕ್ಕ ಬಾಗಿಲು ಹಾಕಿ, ಅದಕ್ಕೇ ಬೆನ್ನು ಕೊಟ್ಟು ನಿಂತು ಮುಂಗೈಯಿಂದ ಕಣ್ಣೊರೆಸಿಕೊಂಡಳು. “ಹೋದ್ರೆ ಹೋಗ್ಲಿ ಬಿಡು. ಯಾರಿಲ್ಲದಿದ್ರೂ ನಂಗೆ ನೀನಿದೀಯ.”

ಮೇಜಿನ ಹತ್ತಿರ ಕೂತಿದ್ದ ಪುಟ್ಟಿ ಪೆನ್ಸಿಲ್ ಕೆಳಗಿಟ್ಟಳು. ಈ ಸಲ ತಡೆಯಲು ದಾರಿಯಲ್ಲಿ ಗಾಡಿಯಿರಲಿಲ್ಲ, ಶಾಲೆಯ ಗೇಟಿರಲಿಲ್ಲ.

“ಅಮ್ಮಾ, ಅದು ಅವರಲ್ಲ ಅಂತ ದೊಡ್ಡಮ್ಮಂಗೆ ಯಾಕೆ ಹೇಳ್ತಿಲ್ಲ ನೀನು?”