ಗೊತ್ತಿದ್ದವನು

ಶಾಂತರಾಜುಗೆ ಸಕ್ಕರೆ ಕಾಯಿಲೆ ಇದೆ ಅನ್ನುವುದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ಹೆಂಡತಿ ರತ್ನ. ಇನ್ನೊಬ್ಬ ಅವನ ಬಸ್ಸಿನ ಕಂಡಕ್ಟರ್ ಗುರುಪ್ರಕಾಶ.

ಯಳಂದೂರಿನಿಂದ ಹೊರಟು ಕೊಳ್ಳೇಗಾಲ, ಹನೂರು ಹಾದು ಒಡೆಯರಪಾಳ್ಯ ಮುಟ್ಟುವ ಆ ಪ್ರೈವೇಟ್ ಬಸ್ಸಿನಲ್ಲಿ ಇಬ್ಬರೂ ಜೊತೆಗೇ ಸೇರಿದವರು. ಮಾಂಬಳ್ಳಿಯ ಶಾಂತರಾಜು ಸ್ಟೇರಿಂಗ್ ಹಿಡಿದರೆ, ಯಳಂದೂರಿನ ಗುರು ಬಾಗಿಲಲ್ಲಿ ನೇತಾಡುತ್ತಿದ್ದ. ದಾರಿಯ ಜನರು ಒಬ್ಬನ ಹೆಸರು ಹೇಳಿದರೆ ಇನ್ನೊಬ್ಬನದೂ ಸೇರಿಸಿಯೇ ಹೇಳುತ್ತಿದ್ದರು. ಮಾತ್ರೆಗೆ ಸಕ್ಕರೆ ಹತೋಟಿಗೆ ಬಾರದೆ ಡಾಕ್ಟರು ಇನ್ಸುಲಿನ್ ಬರೆದುಕೊಟ್ಟ ದಿನ ಶಾಂತರಾಜು ಮನೆಗೂ ಮೊದಲು ಗುರುವಿಗೇ ಫೋನ್ ಮಾಡಿದ್ದ.

"ಓನರ್ ಕಿವಿಗೆ ಬೀಳದಂಗೆ ನೋಡ್ಕಳ್ಲಾ. ಗೊತ್ತಾದ್ರೆ ಗಾಡಿ ಮುಟ್ಟಕ್ ಬುಡಲ್ಲ."

"ನಾನ್ಯಾಕ್ಲಾ ಯೋಳ್ಳಿ? ನೀನು ಟೈಮಿಗೆ ಸರ್‍ಯಾಗಿ ಉಣ್ಣು, ಸಾಕು" ಅಂದಿದ್ದ ಗುರು. ಅವತ್ತಿನಿಂದ ಅವನ ಹೆಗಲ ಚೀಲದಲ್ಲಿ, ಟಿಕೆಟ್ ಮಿಷಿನ್ನಿನ ಪಕ್ಕದಲ್ಲಿ, ಕಡ್ಲೆಮಿಠಾಯಿ ಪೊಟ್ಟಣ ಇರುತ್ತಿತ್ತು. ಸೂಜಿ ಹೆಚ್ಚಾಗಿ ಸಕ್ಕರೆ ತೀರಾ ಇಳಿದು ಶಾಂತರಾಜುಗೆ ಕೈ ನಡುಗಿದರೆ, ಬೆವರು ಕಿತ್ತುಕೊಂಡರೆ, ಕನ್ನಡಿಯಲ್ಲಿ ಒಂದು ಸಲ ನೋಡಿದರೆ ಸಾಕಿತ್ತು. ಗುರು ಜನರನ್ನು ಸರಿಸಿಕೊಂಡು ಮುಂದೆ ಬಂದು ಒಂದು ತುಂಡು ಅವನ ಬಾಯಿಗಿಟ್ಟು ಹೋಗುತ್ತಿದ್ದ. ನೋಡಿದವರು ತಮಾಷೆ ಅಂದುಕೊಳ್ಳುತ್ತಿದ್ದರು.

ಅವತ್ತು ಅಮಾವಾಸ್ಯೆ. ಹನೂರಿನ ಮೇಲೆ ಮಾದಪ್ಪನ ಬೆಟ್ಟಕ್ಕೆ ಹೋಗುವವರು ಕೊಳ್ಳೇಗಾಲದ ಸ್ಟ್ಯಾಂಡಿನಲ್ಲಿ ಇರುವೆ ಮುತ್ತಿದ ಹಾಗೆ ನಿಂತಿದ್ದರು. ಶಾಂತರಾಜು ಮನೆಯಲ್ಲಿ ಇನ್ಸುಲಿನ್ ಸೂಜಿ ಚುಚ್ಚಿಕೊಂಡು ಬಂದಿದ್ದ; ಅದಾದ ಮೇಲೆ ತಿನ್ನದೆ ಇರುವಂತಿರಲಿಲ್ಲ. ದಿನಾ ಮಾಡುವಂತೆ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿನ್ನಲು ಇಳಿದ. ಎರಡು ಹೆಜ್ಜೆ ಹಾಕುವಷ್ಟರಲ್ಲಿ ಗುರು ಸೀಟಿ ಊದಿದ.

"ಬಾರ್ಲಾ, ಇಂದ್ಗಡೆ ಗಾಡಿ ಬಂದು ನಿಂತದೆ. ಜನ ಎಲ್ಲಾ ಅದಕ್ಕೆ ಅತ್ಕತಾರೆ. ಅನೂರಲ್ಲಿ ತಿನ್ವಂತೆ."

"ಚುಚ್ಕಂಡು ಬಂದಿವ್ನಿ ಕಣ್ಲಾ."

"ಅರ್ಧ ಗಂಟೆ ದಾರಿ. ಏನಾರ ಆದ್ರೆ ನಾನಿಲ್ವಾ?"

ಅದಕ್ಕೆ ಶಾಂತರಾಜು ವಾಪಸ್ ಹತ್ತಿ ಕುಳಿತ.

ಮಧುವನಹಳ್ಳಿ ದಾಟುವವರೆಗೆ ಏನೂ ಅನ್ನಿಸಲಿಲ್ಲ. ಕಾಮಗೆರೆಯಲ್ಲಿ ಇನ್ನಷ್ಟು ಜನ ಹತ್ತಿದರು. ಬಾನೆಟ್ಟಿನ ಮೇಲೂ ಕುಳಿತರು. ಅಲ್ಲಿಂದ ಮುಂದೆ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಗೇರಿನ ಮೇಲಿದ್ದ ಕೈ ಯಾರದೋ ಕೈಯಂತೆ ಕಂಡಿತು. ಕನ್ನಡಿ ನೋಡಿದ. ಬರೀ ತಲೆಗಳು. ಗುರು ಕಾಣಲಿಲ್ಲ. "ಗುರು, ಮಿಠಾಯಿ" ಎಂದು ಕೂಗಿದ. ಅವನ ಕಿವಿಗೇ ಅದು ಮಾತಾಗಿ ಕೇಳಿಸಲಿಲ್ಲ; ನಾಲಿಗೆ ದಪ್ಪಗಾಗಿ ಬಾಯೊಳಗೇ ಹೊರಳಿತ್ತು. ರಸ್ತೆ ಎರಡಾಯಿತು. ಬಸ್ಸು ಬಲಕ್ಕೆ ಹೋಗಿ ಎಡಕ್ಕೆ ಬಂತು.

"ಅಯ್ಯಯ್ಯೋ, ಏನ್ಲಾ ಇಂವ ಇಂಗ್ ಓಡುಸ್ತಾವ್ನೆ!" ಎಂದು ಯಾರೋ ಕಿರುಚಿದರು.

ಬ್ರೇಕ್ ಒತ್ತಿದ್ದು ಅವನಿಗೆ ನೆನಪಿದೆ. ಪೂರಾ ಬಲ ಹಾಕಿ ಒತ್ತಿದ್ದ. ಬಸ್ಸು ರಸ್ತೆ ಬಿಟ್ಟು ಜೋಳದ ಹೊಲಕ್ಕೆ ಇಳಿದು, ಹುಣಸೆ ಮರಕ್ಕೆ ಮೂತಿ ತಾಗಿಸಿ ನಿಂತಿತು. ಆಮೇಲಿನದು ತುಂಡು ತುಂಡು. ಕಾಲರ್ ಹಿಡಿದು ಎಳೆದ ಕೈ. ಕೆನ್ನೆಯ ಮೇಲೆ ಬಿದ್ದ ಏಟು. ಬಾಯಲ್ಲಿ ಮಣ್ಣು. ಅದೆಲ್ಲದರ ನಡುವೆ ಒಂದು ಪರಿಚಯದ ದನಿ. ಆ ದನಿ ಕೇಳಿ ಸಮಾಧಾನವಾದದ್ದೂ ಅವನಿಗೆ ನೆನಪಿತ್ತು. ಗುರು ಬಂದ, ಇನ್ನೇನಿಲ್ಲ ಅಂದುಕೊಂಡಿದ್ದ.

ಕಣ್ಣು ಬಿಟ್ಟಾಗ ಸರ್ಕಾರಿ ಆಸ್ಪತ್ರೆಯ ಮಂಚದ ಮೇಲಿದ್ದ. ಕೈಗೆ ಗ್ಲೂಕೋಸ್ ಹಾಕಿದ್ದರು. ರತ್ನ ಕಾಲ ಬಳಿ ನಿಂತಿದ್ದಳು. ಕೆಲಸದ ಸೀರೆಯಲ್ಲೇ ಓಡಿಬಂದಿದ್ದಳು. ಒಬ್ಬ ಪೊಲೀಸಿನವನು ಬಾಗಿಲಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ.

"ಇಲ್ಲ ಸಾ, ಕುಡ್ದವ್ನಾ ಅಂತ ಊದ್ಸಿದ್ವಿ. ಏನೂ ತೋರಿಸ್ನಿಲ್ಲ. ಶುಗರ್ ಬಿದ್ದೋಗಿತ್ತಂತೆ. ಇವರ ಮನೆಯೋರು ಬಂದು ಯೋಳಿದ ಮ್ಯಾಲೆ ಡಾಕ್ಟ್ರು ಟೆಸ್ಟ್ ಮಾಡುದ್ರು."

ಡಾಕ್ಟರಮ್ಮ ಬಂದು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. "ನಿಮ್ಮೆಜಮಾನ್ರು ಪುಣ್ಯ ಮಾಡಿದ್ರು ಕಣಮ್ಮ. ಇನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ರೆ ಎದ್ದೇಳ್ತಾನೇ ಇರಲಿಲ್ಲ. ಬಾಯಿಗೆ ಸಿಹಿ ಹಾಕೋರು ಒಬ್ರೂ ಇರಲಿಲ್ವಾ ಅಲ್ಲಿ?"

ರತ್ನ ಸೆರಗಿನಿಂದ ಗಂಡನ ಗಲ್ಲದ ಮಣ್ಣು ಒರೆಸಿದಳು.

"ಯಾರಿಗಾರ ಏಟಾಯ್ತಾ?" ಎಂದ ಶಾಂತರಾಜು.

"ಒಂದು ಅಜ್ಜಿಗೆ ಕೈ ಮುರ್‍ದದಂತೆ. ಇನ್ಯಾರ್‍ಗೂ ಏನಿಲ್ಲ."

"ಗುರು ಎಲ್ಲಿ?"

"ಕಾಣೆ. ನೀವು ಮನಿಕಳಿ" ಅಂದಳು ರತ್ನ.

ಮನೆಗೆ ಬಂದ ಮೇಲೂ ಗುರು ಬರಲಿಲ್ಲ. ಫೋನ್ ಮಾಡಿದರೆ ರಿಂಗಾಗಿ ನಿಲ್ಲುತ್ತಿತ್ತು. ಪಾಪ, ಓನರ್ ಅವನನ್ನು ಅರೆಯುತ್ತಿರಬೇಕು ಎಂದು ಶಾಂತರಾಜು ಅಂದುಕೊಂಡ. ಮಾಂಬಳ್ಳಿಯ ಜನರು ಅವನನ್ನು ನೋಡುವ ರೀತಿ ಮಾತ್ರ ಬದಲಾಗಿತ್ತು. ಹಾಲಿನ ಡೈರಿ ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಚಿನ್ನಸ್ವಾಮಿ ಅನ್ನುವ ನೆಂಟರವನೊಬ್ಬ ಹೆಗಲ ಮೇಲೆ ಕೈಯಿಟ್ಟು, "ಓಗ್ಲಿ ಬುಡು ಮಾವ, ಎಲ್ರೂ ವಸಿ ತಕತಾರೆ, ಡ್ಯೂಟಿ ಮ್ಯಾಲೆ ತಕಬಾರ್‍ದಾಗಿತ್ತು" ಎಂದು ಬುದ್ಧಿ ಹೇಳಿದ. ಶಾಂತರಾಜು ಅವನ ಕೈ ತಳ್ಳಿ ಮನೆಗೆ ಬಂದ.

ಮಾರನೆಯ ದಿನ ಬೆಳಿಗ್ಗೆ ಅವನು ಒಗೆದ ಅಂಗಿ ತೊಟ್ಟು ಹೊರಟು ನಿಂತ.

"ಯಳಂದೂರ್‍ಗೆ ಓಗ್ ಬತ್ತೀನಿ. ಗುರುನ ನೋಡ್ಕಬುಟ್ಟು. ಅವತ್ತು ನನ್ನ ಎತ್ತಾಕಂಡು ಆಸ್ಪತ್ರೆಗೆ ತಂದೋನು ಅವನೇ ಇರ್‍ಬೇಕು. ನಾನೇ ಓಗಿ ಮಾತಾಡುಸ್ದೇ ಇದ್ರೆ ಎಂಗೆ? ಒಂದ್ ಚಿಪ್ಪು ಬಾಳೆಹಣ್ಣು ತಕ ಓಯ್ತೀನಿ."

ರತ್ನ ಒಲೆ ಮುಂದಿನಿಂದ ಎದ್ದಳು. ಇಷ್ಟು ದಿನ ತಡೆದಿದ್ದು ಅವಳ ಮುಖದಲ್ಲಿ ಒಡೆಯಿತು. "ನಿಮ್ಮನ್ನ ಎತ್ತಾಕಂಡು ಬಂದೋರು ಪೊಲೀಸ್ನೋರು. ಅವಂಗೆ ಬಾಳೆಹಣ್ಣು ಬೇರೆ ಕೇಡು" ಎಂದು ತನ್ನ ಫೋನ್ ತೆಗೆದು ಅವನ ಕೈಗಿಟ್ಟಳು. "ನೋಡ್ಕಳಿ. ಊರ್‍ಗೆಲ್ಲಾ ಗೊತ್ತು. ನಿಮ್ಗೊಬ್ರಿಗೇ ಗೊತ್ತಿಲ್ಲ."

ವಿಡಿಯೋದಲ್ಲಿ ಜೋಳದ ಹೊಲ. ಶಾಂತರಾಜು ಮಣ್ಣಲ್ಲಿ ಕುಳಿತಿದ್ದ, ತಲೆ ತೂಗುತ್ತಿತ್ತು, ಬಾಯಿಂದ ಜೊಲ್ಲು. ಎತ್ತಲು ಬಂದವನನ್ನು ತಳ್ಳುತ್ತಿದ್ದ. ತನ್ನನ್ನೇ ನೋಡಿದರೆ ಅವನಿಗೂ ಕುಡುಕನಂತೆಯೇ ಕಂಡಿತು. ಒಬ್ಬ ದಪ್ಪನೆಯವನು ಅವನ ಕೆನ್ನೆಗೆ ಬಾರಿಸಿ ತಿರುಗಿ ಕೂಗಿದ: "ಲೇ ಕಂಡಕ್ಟ್ರೇ, ನಿಜ ಬೊಗಳು. ಕುಡ್ದವ್ನಾ ಇಲ್ವಾ?"

ಫೋನು ಗುರುವಿನ ಕಡೆ ತಿರುಗಿತು. ಗುರು ಬಸ್ಸಿನ ಬಾಗಿಲ ಹತ್ತಿರ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು. ಚೀಲ ಹೆಗಲಲ್ಲೇ ಇತ್ತು. ಒಂದು ಕೈ ಆ ಚೀಲದ ಜಿಪ್ಪಿನ ಮೇಲಿತ್ತು.

"ನಾನೇನ್ ಯೋಳ್ಳಿ ಸಾ... ಬೆಳಿಗ್ಗೆನೇ ವಸಿ ಆಕಂಡಿದ್ದ ಅಂತ ಕಾಣ್ತದೆ."

ಅಷ್ಟೇ. ಆಮೇಲೆ ಜನ ಮೈಮೇಲೆ ಬಿದ್ದರು, ಹೊಡೆದರು, ಫೋನು ಅಲ್ಲಾಡಿತು. ಶಾಂತರಾಜು ಮತ್ತೆ ಹಾಕಿದ. ಮೂರನೆಯ ಸಲ ಹಾಕಲು ಹೋದಾಗ ರತ್ನ ಫೋನ್ ಕಿತ್ತುಕೊಂಡಳು. ಅವನು ಮಾತು ಕೇಳುತ್ತಿರಲಿಲ್ಲ; ಆ ಕೈಯನ್ನೇ ನೋಡುತ್ತಿದ್ದ. ಜಿಪ್ ಎಳೆಯಲು ಹೋದ ಕೈ. ಎಳೆಯದೆ ಹೋದ ಕೈ.

ಗುರುವಿನ ಮನೆಯಲ್ಲಿ ಬಾಗಿಲು ತೆಗೆದದ್ದು ಅವನ ಹೆಂಡತಿ ಪ್ರೇಮಾ. "ಬನ್ನಿ ಅಣ್ಣ" ಎಂದಳು. ತಲೆ ಎತ್ತದೆ ಒಳಗೆ ಹೋಗಿ ಕಾಫಿ ತಂದಿಟ್ಟು, ಮತ್ತೆ ಕಾಣಿಸಲಿಲ್ಲ. ಗುರು ಲುಂಗಿಯಲ್ಲಿ ಬಂದು ಗೋಡೆಗೆ ಒರಗಿ ನಿಂತ. ಕುಳಿತುಕೊಳ್ಳಲಿಲ್ಲ.

"ಈಗೆಂಗಿದ್ದೀಯಲಾ?"

"ನಾನು ಕುಡೀತೀನಾ ಗುರು?"

ಗುರು ನೆಲ ನೋಡಿದ.

"ಯೋಳ್ಲಾ. ಇಷ್ಟ್ ವರ್ಸದಲ್ಲಿ ಒಂದ್ ಸಲನಾರ ನೋಡಿದ್ದೀಯಾ? ಒಡೇರಪಾಳ್ಯದಲ್ಲಿ ನೀನು ಕುಡ್ದು ಬಿದ್ದಿದ್ದಾಗ ನಿನ್ನ ಹಿಂದ್ಗಡೆ ಸೀಟಲ್ಲಿ ಮನುಗ್ಸಿ, ನಾನೇ ಟಿಕೆಟ್ ಅರ್‍ದು ಗಾಡಿ ತಂದಿವ್ನಿ. ಓನರ್‍ಗೆ ಜ್ವರ ಅಂತ ಸುಳ್ಳೇಳಿವ್ನಿ. ಪ್ರೇಮಂಗೂ ಅಂಗೇ ಯೋಳಿವ್ನಿ."

"ಮೆಲ್ಲುಗ್ ಮಾತಾಡ್ಲಾ" ಎಂದ ಗುರು ಅಡುಗೆಮನೆ ಕಡೆ ನೋಡುತ್ತ. ಆಮೇಲೆ ಅವನೂ ಬಿಸಿಯಾದ. "ನೀನು ಮಣ್ಣಲ್ ಬಿದ್ದಿದ್ದೆ, ನಿಂಗೇನ್ ಗೊತ್ತು? ಅಲ್ಲಿ ಜನ ಎಂಗಿದ್ರು ಗೊತ್ತಾ? ಅಜ್ಜಿ ಕೈ ಮುರ್‍ಕಂಡು ಬಡ್ಕತಾ ಅದೆ. ನಿಂಗೆ ಕಾಯ್ಲೆ ಅದೆ ಅಂತ ನಾನಂದ್ರೆ ಏನ್ ಕೇಳೋರು? ಗೊತ್ತಿದ್ದೂ ಗಾಡಿ ಓಡುಸ್ದಾ ಅನ್ನೋರು. ತಿನ್ನಕ್ ಓದೋನ ಸೀಟಿ ಊದಿ ಕರ್‍ದೋನು ನಾನೇ ಅಂತ ಸ್ಟ್ಯಾಂಡಲ್ ನೋಡಿದೋರು ಬಸ್ಸಲ್ಲೇ ಇದ್ರು. ನನ್ನ ಅಲ್ಲೇ ಊತಾಕೋರು. ಓನರ್ ಬುಡ್ತಿದ್ನಾ? ನೀನು ತಾನೆ ಮುಚ್ಚಿಡು ಅಂದೋನು?"

"ಹೂಂ. ಅಂದಿದ್ದೆ. ಅದು ನನ್ ತಪ್ಪೇ."

"ಮತ್ತೆ? ಕುಡ್ದಿಲ್ಲ ಅಂತ ಪೊಲೀಸ್ನೋರು ಊದ್ಸುದ್ರೆ ತಾನಾಗೇ ಗೊತ್ತಾಯ್ತದೆ ಅಂದ್ಕಂಡೆ."

"ಗೊತ್ತಾಗೋ ಗಂಟ ನಾನು ಉಳೀಬೇಕಿತ್ತಲ್ಲಾ" ಎಂದ ಶಾಂತರಾಜು. ದನಿ ಏರಿಸಲಿಲ್ಲ. "ನಂಗೆ ಏನಾಗ್ತಾ ಅದೆ ಅಂತ ಆ ಹೊಲದಲ್ಲಿ ಗೊತ್ತಿದ್ದೋನು ನೀನೊಬ್ನೇ. ಬೇರೇರ್‍ಗೆ ಗೊತ್ತಿರ್‍ನಿಲ್ಲ, ಒಡುದ್ರು. ಅವರ ಮ್ಯಾಲೆ ನಂಗೆ ಕ್ವಾಪ ಇಲ್ಲ. ಒಂದ್ ತುಂಡು ಬಾಯಿಗಾಕಿದ್ರೆ ಆಗೋದು. ಚೀಲದ ಮ್ಯಾಲೆ ಕೈ ಮಡಗಿದ್ದೀಯ, ತಗಿನಿಲ್ಲ. ಯಾಕ್ಲಾ? ತಗುದ್ರೆ ನಿಂಗೆ ಗೊತ್ತಿತ್ತು ಅಂತ ಆಯ್ತದೆ ಅಂತ ತಾನೆ?"

ಗುರು ಏನೋ ಹೇಳಲು ಬಾಯಿ ತೆರೆದ. ಕಡೆಗೆ ಬಂದದ್ದು ಇಷ್ಟೇ: "ಭಯ ಆಗೋಯ್ತು ಶಾಂತ."

ಶಾಂತರಾಜು ಎದ್ದ. ಹೊಸಿಲ ಬಳಿ ನಿಂತು, "ಆ ಅಜ್ಜಿ ಮನೆಗಾದ್ರೂ ನನ್ ಜೊತೇಲಿ ಬಾ. ಕುಡ್ದಿರ್‍ನಿಲ್ಲ ಅಂತ ನಿನ್ ಬಾಯಲ್ಲಿ ಒಂದ್ ಮಾತು ಯೋಳು. ಇನ್ನೇನೂ ಬ್ಯಾಡ" ಎಂದ.

"ಭಾನುವಾರ ಬತ್ತೀನಿ" ಎಂದ ಗುರು.

ಭಾನುವಾರ ಶಾಂತರಾಜು ಕೊಳ್ಳೇಗಾಲದ ಸ್ಟ್ಯಾಂಡಿನಲ್ಲಿ ಬಿಸಿಲೇರುವವರೆಗೂ ಕಾದ. ಗುರು ಬರಲಿಲ್ಲ. ಈ ಸಲ ಫೋನು ಸ್ವಿಚ್ ಆಫ್ ಆಗಿತ್ತು. ಒಬ್ಬನೇ ಬಸ್ಸು ಹತ್ತಿ ಕಾಮಗೆರೆಯಲ್ಲಿ ಇಳಿದು, ವಿಚಾರಿಸಿಕೊಂಡು ನಡೆದ.

ಆ ಅಜ್ಜಿ, ದೊಡ್ಡಬಸಮ್ಮ, ಜಗಲಿಯ ಮೇಲೆ, ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಅವನನ್ನು ಕಂಡು ಮೊದಲು ಗುರುತು ಹಿಡಿಯಲಿಲ್ಲ. ತಾನೇ ಆ ಡ್ರೈವರ್ ಎಂದು ಹೇಳಿ ಅವನು ಅವಳ ಕಾಲು ಮುಟ್ಟಿದ.

"ನಾನು ಕುಡ್ದಿರ್‍ನಿಲ್ಲ ಕಣವ್ವ. ಸಕ್ಕರೆ ಕಾಯ್ಲೆ ಅದೆ ನಂಗೆ. ಉಣ್ಣದೆ ಗಾಡಿ ಅತ್ತಿದ್ದು ನನ್ ತಪ್ಪು. ನಿನ್ ಕೈ ಮುರ್‍ದೋದ್ದು ನನ್ನಿಂದ್ಲೇ. ಆದ್ರೆ ಕುಡ್ದಿರ್‍ನಿಲ್ಲ."

ಮುದುಕಿ ಸರಿಯಿದ್ದ ಕೈಯಿಂದ ಅವನನ್ನು ಎಬ್ಬಿಸಿದಳು. "ನಾನು ನಿನ್ ಬೆನ್ನಿಂದೇನೇ ಕುಂತಿದ್ದೆ ಕಣ್ ಮಗ. ನನ್ ಗಂಡ ಸಾಯೋ ಗಂಟ ಕುಡ್ದೋನು, ಆ ವಾಸ್ನೆ ನಂಗೆ ಗೊತ್ತಿಲ್ವಾ? ನಿನ್ ತಾವ ಬೆವರು ವಾಸ್ನೆ ಬುಟ್ರೆ ಏನೂ ಇರ್‍ನಿಲ್ಲ. ಅಲ್ಲಿ ಯೋಳ್ದೆ ಕೂಡ, ಒಡೀಬ್ಯಾಡಿ ಕಣ್ರಪ್ಪ ಅಂತ."

ಶಾಂತರಾಜು ಜಗಲಿಯ ಅಂಚಿಗೆ ಕುಳಿತ.

"ಆದ್ರೆ ನಿನ್ ಜೊತೆಗಾರ್‍ನೇ ಊಂ ಅಂದ್‌ಬುಟ್ನಲ್ಲ" ಎಂದಳು ದೊಡ್ಡಬಸಮ್ಮ. "ದಿನಾ ಜೊತೇಲಿ ಇರೋನು ಯಾಕ್ ಸುಳ್ಳೇಳಾನು ಅಂತ ನಾನೂ ಸುಮ್ಗಾದೆ."

ಅವಳ ಸೊಸೆ ಹಾಲಿನ ಲೋಟ ತಂದಳು. ಸಕ್ಕರೆ ಹಾಕಬೇಕೋ ಬೇಡವೋ ಎಂದು ತಿಳಿಯದೆ ನಿಂತಳು. ಅವನು ಹಾಗೇ ಇಸಿದುಕೊಂಡು ಕುಡಿದ.

ಮತ್ತೆ ಜನರನ್ನು ತುಂಬಿದ ಬಸ್ಸು ಓಡಿಸಲು ಡಾಕ್ಟರು ಒಪ್ಪಲಿಲ್ಲ. ಶಾಂತರಾಜುಗೂ ಧೈರ್ಯ ಬರಲಿಲ್ಲ. ಕೊಳ್ಳೇಗಾಲದ ಒಂದು ಗ್ಯಾರೇಜಿನಲ್ಲಿ ಬ್ರೇಕ್ ಲೈನರ್, ಕ್ಲಚ್ ಪ್ಲೇಟ್ ಕೆಲಸಕ್ಕೆ ಸೇರಿದ. ಕುಡಿದಿರಲಿಲ್ಲ ಎಂದು ಪೊಲೀಸರು ಬರೆದುಕೊಂಡರು. ಅದನ್ನು ಯಾರೂ ಯಾರಿಗೂ ಕಳಿಸಲಿಲ್ಲ. ವಿಡಿಯೋ ಮಾತ್ರ ಇನ್ನೂ ಆಗಾಗ ಯಾರದೋ ಗ್ರೂಪಿನಲ್ಲಿ ತೇಲುತ್ತದೆ.

ಒಂದು ಸಂಜೆ ಗ್ಯಾರೇಜಿನಿಂದ ಹೊರಟಾಗ ಮಾಂಬಳ್ಳಿಗೆ ಬೇರೆ ಬಸ್ಸು ಸಿಗಲಿಲ್ಲ. ಬಂದದ್ದು ಆ ಬಸ್ಸೇ. ಹೊಸ ಡ್ರೈವರ್. ಶಾಂತರಾಜು ಹತ್ತಿ ಕಿಟಕಿಯ ಪಕ್ಕ ಕುಳಿತ. ಗುರು ಟಿಕೆಟ್ ಕೊಡುತ್ತ ಬಂದು, ಅವನನ್ನು ಕಂಡು ಒಂದು ಗಳಿಗೆ ನಿಂತು, ಏನೂ ಕೇಳದೆ ಹಿಂದಿನ ಸೀಟಿಗೆ ದಾಟಿದ.

"ಕಂಡಕ್ಟ್ರೇ" ಎಂದು ಕರೆದ ಶಾಂತರಾಜು. "ಒಂದು ಮಾಂಬಳ್ಳಿ ಕೊಡಿ."

"ನಿಂಗ್ಯಾಕ್ಲಾ ಟಿಕೆಟ್ಟು..."

"ಕೊಡಿ ಸಾ."

ಮಿಷಿನ್ನು ಕಿರ್ರೆಂದು ಚೀಟಿ ಉಗುಳಿತು. ಗುರು ಅದನ್ನು ಹರಿದು ಕೊಟ್ಟ, ಚಿಲ್ಲರೆ ಕೊಟ್ಟ. ಬೇರೆಯವರು ಕೈ ಚಾಚುತ್ತಿದ್ದರೂ ಅಲ್ಲೇ ಕಂಬ ಹಿಡಿದು ನಿಂತ. ಬಸ್ಸು ಊರು ದಾಟಿ ಗದ್ದೆಬಯಲಿಗೆ ಬಂತು.

"ಶಾಂತ, ಒಂದ್ ಮಾತು..."

ಶಾಂತರಾಜು ಕಿಟಕಿಯ ಆಚೆ ನೋಡುತ್ತ ಕುಳಿತ. ಆ ಮಾತು ಏನಿರಬಹುದು ಎಂದು ಅವನಿಗೆ ಗೊತ್ತಿತ್ತು. ಅದನ್ನು ಕೇಳಿಸಿಕೊಂಡರೆ ತಾನು ಅತ್ತುಬಿಡುತ್ತೇನೆ, ಅತ್ತರೆ ಕ್ಷಮಿಸಿಬಿಡುತ್ತೇನೆ ಅನ್ನುವುದೂ ಗೊತ್ತಿತ್ತು. ಹಿಂದಿನಿಂದ ಯಾರೋ "ಕಂಡಕ್ಟ್ರೇ, ಅಗರ ಒಂದ್ ಕೊಡಪ್ಪಾ" ಎಂದು ಕೂಗಿದರು. ಗುರು ಆ ಕಡೆ ಹೋದ.