ಅಪ್ಪನ ಕಾಲದ ತಗಡು

ತಮ್ಮ ತರಿಸಿದ್ದ ವೈಡ್ ಬಾಡಿ ಕಿಟ್ ಮೂರು ವರ್ಷದಿಂದ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಅದರ ಅಗಲವಾದ ಫೈಬರ್ ಮಡ್‌ಗಾರ್ಡುಗಳನ್ನು ಕೂರಿಸಬೇಕಾದರೆ ಅಪ್ಪನ ಹಳೆಯ ಕಾರಿನ ನಾಲ್ಕೂ ಮಡ್‌ಗಾರ್ಡುಗಳನ್ನು ಕತ್ತರಿಸಬೇಕು. "ಅಪ್ಪ ಕೈಯಾರೆ ಒರೆಸಿದ ತಗಡು ಅದು. ಅದಕ್ಕೆ ಕತ್ತರಿಸೋ ಗ್ರೈಂಡರ್ ಇಟ್ರೆ ನನ್ನ ಪಾಲಿಗೆ ನೀನು ಸತ್ತ ಹಾಗೆ" ಎಂದು ಕೂಗಾಡಿದ್ದೆ. ನನ್ನ ಹಾಳು ಬಾಯಿ. ಆಮೇಲೆ ನಾವಿಬ್ಬರೂ ಮಾತೇ ಆಡಲಿಲ್ಲ. ಹೋದ ತಿಂಗಳು ಅವನು ನಿಜಕ್ಕೂ ಸತ್ತ.

ಅವನ ಆಸೆಯಾದರೂ ತೀರಲಿ ಎಂದು ಕಾರನ್ನೂ ಕಿಟ್ಟನ್ನೂ ಟಿಂಕರಿಂಗ್ ಮೇಸ್ತ್ರಿಯ ಶೆಡ್ಡಿಗೆ ತಂದೆ. ಗ್ರೈಂಡರ್ ಕಂಡೊಡನೆ ಮಡ್‌ಗಾರ್ಡಿನ ಮೇಲೆ ಕೈಯಿಟ್ಟೆ. "ಸ್ವಲ್ಪ ತಡೀರಿ, ಅಪ್ಪನ ಕಾಲದ ತಗಡು" ಎಂದೆ.

ಕತ್ತರಿಸುವ ಮುಂಚೆ ಯಾವಾಗಲೂ ಮಾಡುವಂತೆ ಮೇಸ್ತ್ರಿ ಮಡ್‌ಗಾರ್ಡಿಗೆ ಅಯಸ್ಕಾಂತ ಇಟ್ಟ. ಅದು ಕಚ್ಚದೆ ನೆಲಕ್ಕೆ ಬಿತ್ತು.

"ತಗಡೆಲ್ಲಿದೆ ಸಾರ್? ಯಾವತ್ತೋ ತುಕ್ಕು ತಿಂದು ಹೋಗಿದೆ. ಇದು ಬರೀ ಮೆತ್ತಿದ ಪುಟ್ಟಿ, ಮೇಲೆ ಬಣ್ಣ. ನಿಮ್ಮಪ್ಪನೇ ನನ್ನ ಹತ್ರ ಮಾಡಿಸಿದ್ರು."

"ತಮ್ಮಂಗೆ ಗೊತ್ತಿತ್ತಾ?"

"ಗೊತ್ತಿದ್ದಕ್ಕೇ ಕಿಟ್ ತರಿಸಿದ್ದು. ತುಕ್ಕು ಕತ್ತರಿಸಿ ತೆಗೆದ್ರೆ ಕಾರಾದ್ರೂ ಉಳಿಯುತ್ತೆ ಅಂದ. ಅಣ್ಣಂಗೆ ಮಾತ್ರ ಹೇಳ್ಬೇಡಿ, ಅಪ್ಪಂದು ಅಂತ ಅವನಿಗೆ ಉಳಿದಿರೋದು ಇದೊಂದೇ ಅಂದ."

ನಾನು ಅಯಸ್ಕಾಂತ ಎತ್ತಿಕೊಂಡು ಎರಡನೆಯ ಮಡ್‌ಗಾರ್ಡಿಗೆ ಒತ್ತಿದೆ. ಬಿತ್ತು. ಮೂರನೆಯದಕ್ಕೆ ಒತ್ತಿದೆ. ಬಿತ್ತು.

"ಕತ್ತರಿಸ್ಲಾ ಸಾರ್?"

"ತಡೀರಿ," ಎಂದೆ, "ಇನ್ನೊಂದಿದೆ."