ಎಣ್ಣೆಯಲ್ಲಿ ಕಂಡ ಮುಖ

ಮಗು ಮೂಲಾ ನಕ್ಷತ್ರದಲ್ಲಿ ಹುಟ್ಟದೇ ಹೋಗಿದ್ದರೆ ತಿಮ್ಮಯ್ಯನ ಮನೆಯವರು ಗಿರಿಯನ್ನು ಗೇಟಿನ ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ. ಹಾಸನದ ಕಡೆಯಿಂದ ಬಂದು, ಕುಶಾಲನಗರದ ಹತ್ತಿರ ಶುಂಠಿ, ಜೋಳ ಬೆಳೆದು ತಲೆ ಎತ್ತಿದ ಮನೆತನ ಅದು. ಮಗಳು ಮೋನಿಷಾಗೆ ಹದಿನೆಂಟು, ಗಿರಿಗೆ ಹದಿನೇಳು. ಕಾಲೇಜಿನ ಬಸ್ಸಿನಲ್ಲಿ ಶುರುವಾದ ಸ್ನೇಹ. ವಿಷಯ ಗೊತ್ತಾದ ದಿನ ತಿಮ್ಮಯ್ಯ ಬಾರಿಸಿದ ಏಟಿಗೆ ಹುಡುಗನ ಎಡಗಿವಿ ವಾರಗಟ್ಟಲೆ ಗುಂಯ್‌ಗುಟ್ಟಿತ್ತು. ಆಮೇಲೆ ಅವನು ಕಾಲೇಜು ಬಿಟ್ಟು, ಚೆಟ್ಟಳ್ಳಿಯ ಎಸ್ಟೇಟಿನ ಕಣದಲ್ಲಿ ಕಾಫಿ ಹರಡುವ ಕೆಲಸಕ್ಕೆ ಸೇರಿದ. ತಾಯಿ ಲಿಂಗಿ ಅಲ್ಲೇ ಕಾಫಿ ಹಣ್ಣಿನ ಪಿಕ್ಕಿಂಗ್ ಮಾಡುತ್ತಿದ್ದಳು. ಇಬ್ಬರ ವಾಸವೂ ಅಲ್ಲಿನ ಕೂಲಿಯವರ ಲೈನ್ ಮನೆಯಲ್ಲಿ.

ಮಗುವನ್ನು ತಿಮ್ಮಯ್ಯನ ತಂಗಿ, ಮಕ್ಕಳಿಲ್ಲದ ಶಕುಂತಲಮ್ಮ, ಅರಕಲಗೂಡಿಗೆ ಒಯ್ಯುವುದೆಂದು ಹೆರಿಗೆಗೆ ಮುಂಚೆಯೇ ತೀರ್ಮಾನವಾಗಿತ್ತು. ಗಿರಿಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದನೋ, ಪಾಪ, ಅವನಿಗೇ ಗೊತ್ತಿರಲಿಲ್ಲ. ಆದರೆ ಜೋಯಿಸರು ಪಂಚಾಂಗ ಬಿಡಿಸಿ, ಹೆತ್ತ ತಂದೆ ಮೊದಲು ಎಣ್ಣೆಯಲ್ಲಿ ಮಗುವಿನ ಮುಖ ನೋಡಬೇಕು, ಇಲ್ಲದಿದ್ದರೆ ಮಗುವಿಗೂ ಮನೆಗೂ ಕೇಡು ಎಂದರು. ತಾತ ನೋಡಿದರೆ ಆಗದೇ ಎಂದು ತಿಮ್ಮಯ್ಯ ಗೋಗರೆದ. ಅವನ ತಾಯಿ ಹುಚ್ಚಮ್ಮ ಬಿಡಲಿಲ್ಲ.

"ಜಾತಿ ಕೇಳಾಕೆ ನಕ್ಷತ್ರ ಏನು ನಿನ್ನ ನೆಂಟನೇನ್ಲಾ? ಹುಟ್ಟಿಸ್ದೋನೇ ನೋಡ್ಬೇಕು. ಕರೆಸು ಅವನ್ನ."

ಕಾರ್ಯವಾಸಿ ಕತ್ತೆ ಕಾಲು ಹಿಡಿ ಎನ್ನುತ್ತಾರಲ್ಲ, ಹಾಗೆ ಲೈನಿನ ಮುಂದೆ ತಿಮ್ಮಯ್ಯನ ಜೀಪು ಬಂದು ನಿಂತಿತು.

ಲಿಂಗಿ ಮಗನ ತಲೆ ಬಾಚಿ, ಒಗೆದ ಶರ್ಟು ಹಾಕಿಸಿದಳು. "ಎಣ್ಣೇಲಿ ಮಖ ನೋಡಾದ್ಮೇಲೆ ಕೂಸ್ನ ಅಪ್ಪನ ತೊಡೆ ಮ್ಯಾಲೆ ಹಾಕ್ತಾರೆ ಕಣ್ ಮಗ. ತಲೆ ಕೆಳಗೆ ಕೈ ಕೊಡು. ಕುತ್ತಿಗೆ ಇನ್ನೂ ನಿಂತಿರಾಕಿಲ್ಲ," ಎಂದಳು.

ದಾರಿಯುದ್ದಕ್ಕೂ ಅವನಿಗೆ ಅದೊಂದೇ ಧ್ಯಾನ. ಒಂದು ಸಲ ಎತ್ತಿಕೊಂಡರೆ ಸಾಕು. ಎತ್ತಿಕೊಂಡ ಮೇಲೆ, ಕೊಡುವುದಿಲ್ಲ ಎನ್ನುವ ಧೈರ್ಯವೂ ಬಂದೀತು. ಕಾಫಿಯ ಕರೆ ಹಿಡಿದ ಕೈಗಳನ್ನು ಪ್ಯಾಂಟಿಗೆ ಉಜ್ಜುತ್ತಲೇ ಇದ್ದ.

ಅವನನ್ನು ಒಳಗೆ ಕರೆಯಲಿಲ್ಲ. ಜಗಲಿಯ ಮೇಲೆ ಮಣೆ ಹಾಕಿ, ಮುಂದೆ ಕಂಚಿನ ಬಟ್ಟಲಲ್ಲಿ ಎಳ್ಳೆಣ್ಣೆ ಇಟ್ಟಿದ್ದರು. ಮೋನಿಷಾ ಕಾಣಲಿಲ್ಲ, ಒಳಗೆಲ್ಲೋ ಯಾರೋ ಬಾಗಿಲು ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಶಕುಂತಲಮ್ಮ ಮಗುವನ್ನು ತಂದು, ಅವನ ಬೆನ್ನ ಹಿಂದೆ, ಹೆಗಲಿಗೆ ಸರಿಯಾಗಿ ಹಿಡಿದಳು. ಬೆಚ್ಚಗಿನ ಉಸಿರು ಕಿವಿಗೆ ತಾಕಿತು.

"ತಿರುಗ್ಬ್ಯಾಡ. ಎಣ್ಣೇಲೇ ನೋಡು. ಕಂಡ್ಮೇಲೆ ಹೇಳು," ಎಂದಳು ಹುಚ್ಚಮ್ಮ.

ಗಿರಿ ಬಗ್ಗಿದ. ಆತುರಗೇಡಿ, ಬಗ್ಗಬಾರದಷ್ಟು ಬಗ್ಗಿದ. ಬಟ್ಟಲ ತುಂಬ ಅವನದೇ ಮುಖ. ಇನ್ನೂ ಸರಿಯಾಗಿ ಮೀಸೆ ಮೂಡದ, ಹೆದರಿದ ಮುಖ. ಸ್ವಲ್ಪ ಹಿಂದೆ ಸರಿದಿದ್ದರೆ ಮಗು ಕಾಣುತ್ತಿತ್ತು. ಅಷ್ಟು ಹೇಳುವವರೂ ಅಲ್ಲಿರಲಿಲ್ಲ. ಬೆನ್ನ ಹಿಂದೆ ಮಗು ಕುಂಯ್ ಎಂದಿತು. ಅವನಿಗೆ ತಡೆಯಲಾಗಲಿಲ್ಲ. ಬೇಗ ಹೇಳಿದರೆ ಬೇಗ ತೊಡೆಗೆ ಹಾಕುತ್ತಾರೆ.

"ಕಂಡ್ತು," ಎಂದುಬಿಟ್ಟ.

ಎರಡೂ ಕೈ ಚಾಚಿಕೊಂಡೇ ತಿರುಗಿದ. ಶಕುಂತಲಮ್ಮ ಆಗಲೇ ಮಗುವಿಗೆ ಸೆರಗು ಮುಚ್ಚಿ ಹೊಸ್ತಿಲು ದಾಟಿದ್ದಳು. ಅವನಿಗೆ ಕಂಡದ್ದು ಅವಳ ಬೆನ್ನು.

"ಆಯ್ತಲ್ಲ, ದೋಷ ಕಳೀತು. ನಡಿ," ಎಂದ ತಿಮ್ಮಯ್ಯ.

"ಇಲ್ಲ! ಕಂಡಿಲ್ಲ, ಸುಳ್ಳೇಳ್ದೆ! ಇನ್ನೊಂದ್ಸಲ ತೋರ್ಸಿ, ನಿಮ್ ದಮ್ಮಯ್ಯ!"

"ನೋಡವ್ವ ಆಟವ! ಕೂಸ್ನ ಕಿತ್ಕೊಳ್ಳಾಕೆ ನೆಪ ಕಟ್ತಾವ್ನೆ," ಎಂದು ತಿಮ್ಮಯ್ಯ ಅವನ ಕತ್ತಿನ ಪಟ್ಟಿ ಹಿಡಿದು ಗೇಟಿನಾಚೆ ದಬ್ಬಿದ. ಹುಚ್ಚಮ್ಮ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಗಿರಿ ಗೇಟು ಹಿಡಿದು ಕೂಗಿದ, ಅತ್ತ. ನಿಜ ಹೇಳಿದಾಗ ಒಬ್ಬರೂ ನಂಬಲಿಲ್ಲ. ತನ್ನ ಸುಳ್ಳಿನಿಂದ ಆ ಕೂಸಿಗೆ ಏನಾದರೂ ಆದರೆ ಎಂಬ ಭಯ ಆಗ ಹೊಕ್ಕದ್ದು, ಬಸ್ಸು ಹತ್ತಿದರೂ ಇಳಿಯಲಿಲ್ಲ.

ಲಿಂಗಿ ಬಾಗಿಲಲ್ಲೇ ಕಾದಿದ್ದಳು. ಮಗನ ಮುಖ ನೋಡಿಯೇ ಅವಳಿಗೆ ಅರ್ಥವಾಯಿತು. ಆದರೂ ಅಜ್ಜಿಯ ಜೀವ, ಕೇಳದೆ ಇರಲಾಗಲಿಲ್ಲ.

"ಯಾರಂಗೈತೆ ಮಗ?"

ಗಿರಿ ಒಳಗೆ ಬಂದು ಶರ್ಟು ಬಿಚ್ಚಿ ಗೂಟಕ್ಕೆ ತಗುಲಿಸಿದ.

"ನನ್ನಂಗೇ ಐತೆ ಕಣವ್ವ."

"ಅಂಗಾರೆ ಚೆಂದಾಗೈತೆ ಬಿಡು," ಎಂದು ಲಿಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.